ಕುಚ್ಚಿನ ಪುಸ್ತಕ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಬಳದ ಬಿಲ್ಲಿಗೆ ಸಹಿ ಹಾಕುವಾಗಲೆಲ್ಲ ಒಂದು ಸಾಲು ಕಣ್ಣಿಗೆ ಚುಚ್ಚುತ್ತಿತ್ತು: ಕೆ.ಜಿ.ಐ.ಡಿ. ಬರುತ್ತಿದ್ದುದೇ ಅಷ್ಟು, ಅದರಲ್ಲೂ ತಿಂಗಳು ತಿಂಗಳೂ ಹಿಡಿದುಕೊಳ್ಳುವುದು ಯಾತಕ್ಕೆ ಎಂದು ಆಫೀಸಿನ ಗುಮಾಸ್ತರನ್ನು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಮಹಾರಾಜರ ಕಾಲದಿಂದ ಹಿಡೀತಾ ಬಂದಿರೋದು ಮೇಡಂ, ನನ್ನ ಕೈಲಿ ಬಿಡ್ಸೋಕಾಗುತ್ತಾ?” ಎಂದರು.

ಗುಮಾಸ್ತರು ತಮಾಷೆಗೆ ಹೇಳಿದ್ದಲ್ಲ. ಚಾಮರಾಜೇಂದ್ರ ಒಡೆಯರು ಮಹಾರಾಜರಾಗಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆಂದೇ ಜೀವವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ. ಇಷ್ಟವಿದ್ದವರು ಕಟ್ಟಿ ಎಂದು ಬಿಟ್ಟಿದ್ದರೆ ನನ್ನಂಥವರು ಯಾರೂ ಕಟ್ಟುತ್ತಿರಲಿಲ್ಲವೆಂದು ತಿಳಿದೇ ಕಡ್ಡಾಯ ಮಾಡಿದರೋ ಏನೋ. ಆ ಕಾಲವನ್ನು ಸ್ವಲ್ಪ ನೆನೆಸಿಕೊಳ್ಳಿ. ಕಲ್ಕತ್ತೆಯಲ್ಲಿ 1818ರಲ್ಲೇ ಓರಿಯೆಂಟಲ್ ಎಂಬ ಜೀವವಿಮಾ ಕಂಪೆನಿ ಹುಟ್ಟಿತ್ತು. ಆದರೆ ಅದು ಇಲ್ಲಿದ್ದ ಬಿಳಿಯರ ಹೆಂಡಿರು ಮಕ್ಕಳ ಅನುಕೂಲಕ್ಕೆ. ಭಾರತೀಯನೊಬ್ಬ ಹೋಗಿ ನನ್ನ ಜೀವಕ್ಕೂ ವಿಮೆ ಮಾಡಿ ಎಂದರೆ, ಮಾಡಿದರೂ ಹೆಚ್ಚು ಪ್ರೀಮಿಯಂ ಕೇಳುತ್ತಿದ್ದರು. ನಮ್ಮವರ ಜೀವಕ್ಕೂ ಸಮನಾದ ದರದಲ್ಲೇ ವಿಮೆ ಮಾಡುತ್ತೇವೆಂದು ಬಾಂಬೆ ಮ್ಯೂಚುಯಲ್ ಹೊರಟಿದ್ದು 1870ರಲ್ಲಿ. ಅದಾದ ಇಪ್ಪತ್ತೊಂದು ವರ್ಷಕ್ಕೆ ನಮ್ಮ ಸಂಸ್ಥಾನದ ಗುಮಾಸ್ತನ, ಮೇಷ್ಟ್ರ, ಅಮಲ್ದಾರನ ಜೀವಕ್ಕೂ ಒಂದು ಲೆಕ್ಕ ಸಿಕ್ಕಿತು.

ಹೆಂಗಸರ ಲೆಕ್ಕ ಬೇರೆ. ಸ್ವಂತ ಸಂಬಳವಿಲ್ಲದ ಹೆಂಗಸು ಪಾಲಿಸಿ ಕೇಳಿದರೆ ‘ನಿಮ್ಮ ಯಜಮಾನರ ಹೆಸರಲ್ಲಿ ಎಷ್ಟಕ್ಕೆ ಮಾಡಿಸಿದ್ದೀರಿ’ ಎಂದು ಮೊದಲು ಕೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಒಂದು ಒಳ್ಳೆಯ ಕಾನೂನಂತೂ ಹಳೆಯದೇ ಇದೆ. ವಿವಾಹಿತ ಸ್ತ್ರೀಯರ ಆಸ್ತಿಯ ಬಗೆಗಿನ 1874ರ ಕಾಯಿದೆಯ ಪ್ರಕಾರ, ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗೆಂದೇ ಬರೆಸಿಟ್ಟ ಪಾಲಿಸಿಯ ಹಣವನ್ನು ಅವನಿಗೆ ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಆದರೆ ಮೊದಲು ಅದು ಹಿಂದೂಗಳಿಗೆ ಅನ್ವಯಿಸುತ್ತಿರಲಿಲ್ಲ. ಬ್ರಿಟಿಷ್ ಇಂಡಿಯಾದ ಬಹುಭಾಗದ ಹಿಂದೂ ಹೆಂಡತಿಗೆ ಆ ರಕ್ಷಣೆ ದೊರೆತದ್ದು 1923ರಲ್ಲಿ. ಪಾಲಿಸಿ ಮಾಡಿಸುವಾಗಲೇ ಈ ಕಾಯಿದೆಯ ಕೆಳಗೆ ಎಂದು ಬರೆಸಬೇಕು. ಎಷ್ಟು ಜನ ಬರೆಸುತ್ತಾರೆ?

ಇದನ್ನೆಲ್ಲ ನಾನು ಓದಿದ್ದು ತಡವಾಗಿ, ತಂಗಿಯ ಮನೆಗೆ ಬೆಂಕಿ ಬಿದ್ದ ಮೇಲೆ. ಸಮಾಜ ವಿಜ್ಞಾನದ ಟೀಚರು ನಾನು. ಜೀವವಿಮಾ ನಿಗಮ 1956ರ ಸೆಪ್ಟೆಂಬರ್ 1ರಂದು ಹುಟ್ಟಿತು, ಇನ್ನೂರ ನಲವತ್ತೈದು ಸಂಸ್ಥೆಗಳು ಅದರಲ್ಲಿ ಸೇರಿದವು. ಬೆಂಕಿ, ಕಳವು, ಹಡಗು ಇತ್ಯಾದಿ ಸಾಮಾನ್ಯ ವಿಮೆ 1973ರಿಂದ ಸರ್ಕಾರದ್ದಾಗಿ ನಾಲ್ಕು ಕಂಪೆನಿಗಳಾದವು. 2000ದಲ್ಲಿ ಮತ್ತೆ ಖಾಸಗಿಯವರಿಗೆ ಬಾಗಿಲು ತೆರೆಯಿತು. ಇವನ್ನು ಬೋರ್ಡಿನ ಮೇಲೆ ಬರೆಯುವುದು ಸುಲಭ. ಪಾಲಿಸಿಯ ಕಾಗದವನ್ನು ಕೂತು ಓದುವುದು ಬೇರೆ ವಿದ್ಯೆ.

ನನ್ನ ತಂಗಿಯನ್ನು ತುರುವೇಕೆರೆಗೇ ಕೊಟ್ಟಿದ್ದು. ಸೋಮಣ್ಣ ದಂಡನಾಯಕ 1263ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನವನ್ನೂ ಗಂಗಾಧರೇಶ್ವರನ ಮುಂದಿನ ಮಿರಮಿರನೆ ಮಿಂಚುವ ಬಸವನನ್ನೂ ನೋಡಲು ಬಂದವರು ನಮ್ಮ ಊರನ್ನು ಹೊಗಳಿ ಹೋಗುತ್ತಾರೆ. ಊರವರ ಕಣ್ಣು ಮಾತ್ರ ಯಾವಾಗಲೂ ತೆಂಗಿನ ಗೊನೆಯ ಮೇಲೆ. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಏರಿದರೆ ಇಲ್ಲಿ ಮದುವೆಗಳು ನಿಶ್ಚಯವಾಗುತ್ತವೆ, ಇಳಿದರೆ ಮುಂದಕ್ಕೆ ಹೋಗುತ್ತವೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಕೆಲವೇ ವರ್ಷಗಳಲ್ಲಿ ನಮ್ಮ ಸೀಮೆಯ ತೋಟಗಳಿಗೂ ಬಂತು. ಕಾಯಿ ಸುರುಟಿಕೊಂಡು, ಮೈಯೆಲ್ಲ ಕಂದು ಕಲೆಯಾಗಿ, ಮುಷ್ಟಿಯಷ್ಟೇ ಬೆಳೆಯತೊಡಗಿದಾಗ ನನ್ನ ತಂಗಿ ಟೈಲರಿಂಗ್ ಕಲಿತಳು. 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಹೊಲಿಗೆ ಮೆಷಿನ್ನು ತಂದಳು. ಬ್ಲೌಸು, ಫಾಲ್ಸು, ಜಿಗ್‌ಜಾಗ್; ಆಮೇಲೆ ಸೀರೆಗೆ ಕುಚ್ಚು, ಕೊನೆಗೆ ಆರಿ ಕೆಲಸ.

ನಮ್ಮಮ್ಮನ ಕಾಲಕ್ಕೆ ಕುಚ್ಚಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಸೆರಗಿನ ತುದಿಯ ದಾರವನ್ನು ಮಧ್ಯಾಹ್ನ ಊಟವಾದ ಮೇಲೆ ತೊಡೆಯ ಮೇಲಿಟ್ಟುಕೊಂಡು ಹೊಸೆದು ಗಂಟು ಹಾಕಿದರೆ ಮುಗಿಯಿತು. ಈಗ ಮಣಿ ಕುಚ್ಚು, ಕ್ರೋಶಾ ಕುಚ್ಚು, ಬೇಬಿ ಕುಚ್ಚು ಎಂದು ನೂರೆಂಟು. ಸೀರೆಯ ಬೆಲೆಯಲ್ಲಿ ಕಾಲು ಭಾಗ ಕುಚ್ಚಿಗೇ ಸುರಿಯುವವರಿದ್ದಾರೆ. ಲಗ್ನದ ಕಾಲ ಬಂತೆಂದರೆ ತಂಗಿಯ ಮನೆಯ ನಡುಮನೆ ಬಟ್ಟೆ ಅಂಗಡಿಯ ಹಾಗೆ. ಅಂಗಡಿಯವನಿಗಿಂತ ಅವಳ ಅಪಾಯ ದೊಡ್ಡದು. ಅಲ್ಲಿರುವ ಒಂದು ಸೀರೆಯೂ ಅವಳದಲ್ಲ.

ಆ ಕೆಲಸ ನೋಡದವರಿಗೆ ಒಂದು ವಿಷಯ ಹೇಳಬೇಕು. ಆರಿ ಕೆಲಸಕ್ಕೆ ಮೊದಲು ಟ್ರೇಸಿಂಗ್ ಕಾಗದದಲ್ಲಿ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡುತ್ತಾರೆ. ಬಿಳಿಯ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ, ಬಟ್ಟೆಯ ತುಂಡಿನಲ್ಲಿ ಅದ್ದಿ ಕಾಗದದ ಮೇಲೆ ಒರೆಸಿದರೆ ಚಿತ್ರ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಸೀಮೆಎಣ್ಣೆ ಆರಿ ಹೋಗಿ ಗೆರೆ ಉಳಿಯುತ್ತದೆ. ಅಂದರೆ ಅದೇ ಕೋಣೆಯಲ್ಲಿ ಸೀಮೆಎಣ್ಣೆ, ಅದೇ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಅದೇ ಕೋಣೆಯಲ್ಲಿ ರೇಷ್ಮೆ ಸೀರೆ. ತಂಗಿಯ ಮನೆಯಲ್ಲಿ ಇದರ ಮೇಲೆ ಅಟ್ಟ; ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದರೇನೇ ನಮ್ಮ ಕಡೆಯ ಉಂಡೆ ಕೊಬ್ಬರಿ. ಎಣ್ಣೆಯ ಗುಡಾಣದ ಕೆಳಗೆ ಕೂತು ಸೂಜಿ ಹಿಡಿದಿದ್ದರು ಎನ್ನಬಹುದು. ನಾನು ವಾರಕ್ಕೆ ಎರಡು ಸಲ ಆ ಕೋಣೆಯಲ್ಲಿ ಕೂತು ಕಾಫಿ ಕುಡಿದು ಬಂದಿದ್ದೇನೆ. ಒಂದು ದಿನವೂ ಇದು ನನಗೆ ತೋಚಲಿಲ್ಲ.

2018ರ ಮಾಘದಲ್ಲಿ, ಅವಳೇ ಕುಚ್ಚು ಕಟ್ಟಿದ್ದ ಸೀರೆಯುಟ್ಟ ಹುಡುಗಿಯ ಮದುವೆಗೆ ಮನೆಮಂದಿಯೆಲ್ಲ ಹೊರಟರು. ಹೊರಡುವ ಮುಂಚೆ ಇಸ್ತ್ರಿ ಮಾಡುತ್ತಿರುವಾಗ ಕರೆಂಟು ಹೋಯಿತು. ಪೆಟ್ಟಿಗೆಯನ್ನು ಹಾಗೇ ಮೇಜಿನ ಮೇಲಿಟ್ಟು, ಸ್ವಿಚ್ಚು ಆರಿಸದೆ ಬೀಗ ಹಾಕಿಕೊಂಡು ಹೋದರು. ಕರೆಂಟು ಯಾವಾಗ ಬಂತೋ. ಊಟದ ಎರಡನೆಯ ಪಂಕ್ತಿಯಲ್ಲಿ ಕೂತಿದ್ದಾಗ ಫೋನು ಬಂತು. ಬೀದಿಯವರು ಹೆಂಚು ಇಳಿಸಿ ಬೋರ್‌ವೆಲ್ಲಿನ ಪೈಪು ತಂದು ನೀರು ಹೊಡೆದರು, ಅಗ್ನಿಶಾಮಕದವರೂ ಬಂದರು. ಅಡುಗೆಮನೆ, ದೇವರ ಕೋಣೆ ಉಳಿದವು. ಪುಣ್ಯಕ್ಕೆ ಜೀವಹಾನಿಯಿಲ್ಲ. ನಡುಮನೆಯಲ್ಲಿ ಕಬ್ಬಿಣದ ಎರಡು ಮೆಷಿನ್ನುಗಳು ಕಪ್ಪಗೆ ನಿಂತಿದ್ದವು. ಉಳಿದದ್ದೆಲ್ಲ ಬೂದಿ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಆ ವಾಸನೆ ನನ್ನ ಮೂಗಿನಿಂದ ತಿಂಗಳಾದರೂ ಹೋಗಲಿಲ್ಲ.

ಯಾರ ಸೀರೆ ಎಷ್ಟು ಎಂದು ಬರೆದಿಟ್ಟಿದ್ದ ನೋಟುಬುಕ್ಕೂ ಅಲ್ಲೇ ಸುಟ್ಟಿತ್ತು. ಕಣ್ಣು ಮುಚ್ಚಿ ಬಣ್ಣ ನೆನೆಸಿಕೊಂಡು ತಂಗಿ ಎಣಿಸಿದಳು: ಇಪ್ಪತ್ತಮೂರು ಸೀರೆ, ಒಂಬತ್ತು ಬ್ಲೌಸು. ಊರಲ್ಲಿ ಕೇಳಲು ಬಂದವರ ಲೆಕ್ಕದಲ್ಲಿ ಸೀರೆ ಇಪ್ಪತ್ತೈದಾಯಿತು. ಆ ಎರಡು ಯಾರವು ಎಂದು ನನಗೆ ಗುಮಾನಿಯಿದೆ, ಬರೆಯುವುದಿಲ್ಲ.

“ಇನ್ಶೂರೆನ್ಸ್ ಇದೆ, ಹೆದರಬೇಡ” ಎಂದವಳು ನಾನೇ. ಮುದ್ರಾ ಸಾಲ ತೆಗೆಯುವಾಗ ಬ್ಯಾಂಕಿನವರು ವಿಮೆ ಮಾಡಿಸಿದ್ದರು. ವರ್ಷಾವರ್ಷ ಖಾತೆಯಿಂದ ಪ್ರೀಮಿಯಂ ಕತ್ತರಿಸಿಕೊಳ್ಳುತ್ತಿತ್ತು. ಪಾಲಿಸಿಯ ಕಾಗದ ಗೋದ್ರೇಜ್ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ನಾನು, ಅದನ್ನು ಒಂದು ಸಲವೂ ಓದಿರಲಿಲ್ಲ.

ಸರ್ವೆಯರ್ ಬಂದರು. ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. ಪಾಲಿಸಿ ಇದ್ದದ್ದು ಅರವತ್ತು ಸಾವಿರಕ್ಕೆ. ತಂಗಿಯ ಮೆಷಿನ್ನು, ಆರಿ ಮಗ್ಗ, ದಾರ, ಮಣಿ ಇವಕ್ಕೆ ಮಾತ್ರ. ಗಿರಾಕಿಗಳ ಸೀರೆ ‘ನಂಬಿಕೆಯ ಮೇಲೆ ಇರಿಸಿಕೊಂಡ ಪರರ ಸ್ವತ್ತು’. ಅದನ್ನು ಬಿಡಿಯಾಗಿ ಬರೆಸಿ, ಬೆಲೆ ಹೇಳಿ, ಪ್ರೀಮಿಯಂ ಕಟ್ಟಿರದಿದ್ದರೆ ಪರಿಹಾರವಿಲ್ಲ. ಬ್ಯಾಂಕು ಮಾಡಿಸಿದ್ದು ಬ್ಯಾಂಕಿನ ಸಾಲ ಮುಳುಗದಿರಲೆಂದು, ತಂಗಿ ಮುಳುಗದಿರಲೆಂದಲ್ಲ.

ಇನ್ನೊಂದು ಲೆಕ್ಕವನ್ನೂ ಅವರೇ ಕಲಿಸಿದರು. ಅವಳ ಸ್ವಂತ ಸಾಮಾನಿನ ಬೆಲೆ ಒಂದು ಲಕ್ಷ ಎಂದಾಯಿತು. ವಿಮೆ ಅರವತ್ತು ಸಾವಿರಕ್ಕೆ. ಸುಟ್ಟದ್ದು ಐವತ್ತು ಸಾವಿರದ್ದು. ಐವತ್ತು ಪೂರ್ತಿ ಸಿಗುತ್ತದೆ ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ನೂರಕ್ಕೆ ಅರವತ್ತರಷ್ಟೇ ವಿಮೆ ಮಾಡಿಸಿದ್ದರೆ ಉಳಿದ ನಲವತ್ತಕ್ಕೆ ನೀವೇ ವಿಮೆಯವರು ಎಂದು ಅರ್ಥವಂತೆ. ಹಾಗಾಗಿ ಐವತ್ತರಲ್ಲಿ ನೂರಕ್ಕೆ ಅರವತ್ತು, ಅಂದರೆ ಮೂವತ್ತು ಸಾವಿರ. ಸಣ್ಣಪುಟ್ಟ ಕಡಿತ ಕಳೆದು ಇಪ್ಪತ್ತೆಂಟು ಸಾವಿರ ಚಿಲ್ಲರೆ ಬಂತು. ಪ್ರೀಮಿಯಂ ಕಡಿಮೆಯಾಗಲಿ ಎಂದು ಬೆಲೆ ಕಡಿಮೆ ಬರೆಸುವವರು ಈ ಲೆಕ್ಕವನ್ನು ನೆನಪಿಡಬೇಕು.

ಸೀರೆಗಳ ಬೆಲೆ ಎರಡು ಲಕ್ಷದ ಹತ್ತಿರ ಹೋಗಿತ್ತು. ನಾನು ಕಾನೂನಿನ ಪುಸ್ತಕ ಹುಡುಕಿಕೊಂಡು ಹೋದೆ. ಇದಕ್ಕೂ ಕಾನೂನಿದೆ: 1872ರ ಭಾರತೀಯ ಕರಾರು ಕಾಯಿದೆ. ಅಗಸರಾಗಲಿ, ಟೈಲರ್ ಆಗಲಿ, ಬಣ್ಣ ಹಾಕುವವರಾಗಲಿ, ಪರರ ವಸ್ತುವನ್ನು ಇಟ್ಟುಕೊಂಡವರು ಅದನ್ನು ಎಷ್ಟು ಜೋಪಾನ ಮಾಡಬೇಕು? ಸಾಧಾರಣ ವಿವೇಕವುಳ್ಳ ಮನುಷ್ಯ ಅದೇ ಪರಿಸ್ಥಿತಿಯಲ್ಲಿ ತನ್ನ ಅಂಥದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು, ಎನ್ನುತ್ತದೆ 151ನೆಯ ಕಲಂ. ಅಷ್ಟು ಮಾಡಿದ್ದೂ ವಸ್ತು ಹಾಳಾದರೆ, ಬೇರೆ ಕರಾರು ಇಲ್ಲದಿದ್ದರೆ, ಹೊಣೆಯಿಲ್ಲ ಎನ್ನುತ್ತದೆ 152. ನಾನು ಗೆದ್ದವಳ ಹಾಗೆ ತಂಗಿಯ ಮನೆಗೆ ಓಡಿದೆ. “ನೀನು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ ಕಣೆ. ಕರೆಂಟಿನ ಆಕಸ್ಮಿಕ ಇದು.”

ಅವಳು ಸುಟ್ಟ ಮಣಿಗಳನ್ನು ಮೊರದಲ್ಲಿ ಹಾಕಿಕೊಂಡು ಆರಿಸುತ್ತಿದ್ದಳು. ತಲೆಯೆತ್ತದೆ, “ಸ್ವಿಚ್ ಆರಿಸದೆ ಹೋದವಳು ನಾನೇ ಅಲ್ವಾ ಅಕ್ಕಾ?” ಎಂದಳು.

151ನೆಯ ಕಲಮನ್ನು ನಾನು ಓದಿದ್ದೆ, ಅವಳಿಗೆ ಅರ್ಥವಾಗಿತ್ತು.

“ಅಲ್ದೆ ನಾನು ಇದೇ ಬೀದಿಲಿ ಓಡಾಡ್ಬೇಕು. ಅವರ ಮಕ್ಕಳ ಮದುವೆಗೆ ನಾನೇ ಕುಚ್ಚು ಕಟ್ಟಬೇಕು” ಎಂದೂ ಸೇರಿಸಿದಳು. ಒಬ್ಬ ತಾಯಿ ಮಗಳ ಧಾರೆ ಸೀರೆ ಕೊಟ್ಟಿದ್ದಳು, ಮದುವೆಗೆ ಹನ್ನೊಂದು ದಿನವಿತ್ತು. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಜಗಲಿಯ ಮೇಲೆ ಕೂತು, ಒಳಗೆ ನೋಡಿ, ಎದ್ದು ಹೋದಳು. ಅವತ್ತು ರಾತ್ರಿಯೇ ತಂಗಿ ತನ್ನ ಕಾಸಿನ ಸರ ಬಿಚ್ಚಿ ಗಂಡನ ಕೈಗೆ ಕೊಟ್ಟಳು.

ಹಳ್ಳಿಯಲ್ಲಿ ವಿಮೆ ಎಂಬ ಮಾತಿಲ್ಲದ ಕಾಲಕ್ಕೂ ಉಪಾಯಗಳಿದ್ದವು. ಗುಡಿಸಲು ಸುಟ್ಟರೆ ಮನೆಗೊಂದು ಹೊರೆ ಸೋಗೆ, ಮನೆಗೊಂದು ಆಳು. ಮದುವೆಗೆ ಮುಯ್ಯಿ. ಯಾರು ಎಷ್ಟು ಹಾಕಿದರೆಂದು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೋ ಸ್ವಲ್ಪ ಹೆಚ್ಚೋ ಹಿಂದಿರುಗಿಸುವುದು. ಎಲ್ಲರ ಹತ್ತಿರ ಸ್ವಲ್ಪ ಸ್ವಲ್ಪ ತೆಗೆದು ಒಬ್ಬರ ಹೊತ್ತಿಗೆ ಆಗುವುದೇ ವಿಮೆಯಾದರೆ ಮುಯ್ಯಿಯೂ ವಿಮೆಯೇ. ತಂಗಿಗೂ ಬೀದಿಯವರು ಅಕ್ಕಿ, ಹೆಂಚು, ಪಾತ್ರೆ ತಂದರು. ಆದರೆ ಮುಯ್ಯಿಗೆ ಒಂದು ಮಿತಿಯಿದೆ: ಇಲ್ಲಿ ಸೀರೆ ಕಳೆದುಕೊಂಡವರೂ ಅದೇ ಬೀದಿಯವರು! ಎಲ್ಲರ ನಷ್ಟವೂ ಒಂದೇ ದಿನವಾದರೆ ಯಾರ ಹತ್ತಿರ ಎತ್ತುವುದು?

ಈ ತೊಡಕು ಲಂಡನ್ನಿನವರಿಗೆ 1666ರಲ್ಲಿ ಗೊತ್ತಾಯಿತು. ರೊಟ್ಟಿ ಸುಡುವವನ ಒಲೆಯಿಂದ ಹತ್ತಿದ ಬೆಂಕಿ ಹದಿಮೂರು ಸಾವಿರ ಮನೆಗಳನ್ನು ತಿಂದಿತು. ಅದಾದ ಹದಿನೈದು ವರ್ಷದೊಳಗೆ ನಿಕೋಲಸ್ ಬಾರ್ಬನ್ ಎಂಬಾತ ಮನೆಗಳಿಗೆ ಬೆಂಕಿ ವಿಮೆಯ ಕಚೇರಿ ತೆರೆದ. ಅಂಥ ಕಂಪೆನಿಗಳು ವಿಮೆ ಮಾಡಿದ ಮನೆಗೆ ಲೋಹದ ಬಿಲ್ಲೆ ಹೊಡೆಯುತ್ತಿದ್ದವು.

ವಿಮೆಯಿದ್ದರೆ ಸಾಕೇ ಎಂದು ಕೇಳಿದರೆ ನ್ಯೂಯಾರ್ಕಿನ ಕಥೆ ಹೇಳಬೇಕಾಗುತ್ತದೆ. 1911ರ ಮಾರ್ಚ್ 25, ಶನಿವಾರ ಸಂಜೆ. ಟ್ರಯಾಂಗಲ್ ಎಂಬ ಬ್ಲೌಸು ಹೊಲಿಯುವ ಕಾರ್ಖಾನೆ, ಕಟ್ಟಡದ ಎಂಟು, ಒಂಬತ್ತು, ಹತ್ತನೆಯ ಮಹಡಿಗಳಲ್ಲಿ. ಚಿಂದಿ ಬಟ್ಟೆಯ ತೊಟ್ಟಿಗೆ ಬೆಂಕಿ ಬಿತ್ತು. ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ. ಸತ್ತವರು 146 ಜನ, ಅವರಲ್ಲಿ 123 ಜನ ಹೆಂಗಸರು, ಹುಡುಗಿಯರು. ಬಹಳ ಮಂದಿ ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದ ಇಟಲಿಯ, ಯಹೂದಿ ಮನೆಗಳ ಮಕ್ಕಳು. ಮಾಲೀಕರಿಬ್ಬರ ಮೇಲೆ ಮೊಕದ್ದಮೆ ನಡೆದು ಅದೇ ವರ್ಷ ಖುಲಾಸೆಯಾಯಿತು. ವಿಮೆಯಿಂದ ಅವರಿಗೆ ನಷ್ಟಕ್ಕಿಂತ ಸುಮಾರು ಅರವತ್ತು ಸಾವಿರ ಡಾಲರ್ ಹೆಚ್ಚೇ ಬಂತು. ಭಾಗಿಸಿದರೆ ತಲೆಗೆ ನಾನೂರರಷ್ಟು. 1914ರಲ್ಲಿ ಸತ್ತವರ ಮನೆಯವರ ಜೊತೆ ರಾಜಿಯಾಗಿ ಅವರು ಕೊಟ್ಟದ್ದು ತಲೆಗೆ ಎಪ್ಪತ್ತೈದು. ಇದನ್ನು ಓದಿದ ದಿನ ನಾನು ತರಗತಿಯಲ್ಲಿ ಸರಿಯಾಗಿ ಪಾಠ ಮಾಡಲಿಲ್ಲ. ಆ ಬೆಂಕಿಯನ್ನು ಕಣ್ಣಾರೆ ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆಯೂ ಒಬ್ಬಳು. ಮುಂದೆ 1933ರಲ್ಲಿ ಆಕೆ ಅಮೆರಿಕದ ಕಾರ್ಮಿಕ ಮಂತ್ರಿಯಾದಳು, ಸಾಮಾಜಿಕ ಭದ್ರತೆಯ 1935ರ ಕಾಯಿದೆಯ ಹಿಂದೆ ದುಡಿದಳು.

ನಮ್ಮ ದೇಶದಲ್ಲೇ ಹೆಂಗಸರು ಮಾಡಿದ ಕೆಲಸವೊಂದಿದೆ. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ‘ಸೇವಾ’ ಸಂಘ ಕಟ್ಟಿದರು. ಮಿಲ್ಲುಗಳ ಚಿಂದಿಯನ್ನು ಜೋಡಿಸಿ ರಜಾಯಿಯ ಹೊದಿಕೆ ಹೊಲಿಯುವವರು, ತಲೆಹೊರೆಯವರು, ತರಕಾರಿಯವರು ಅದರ ಸದಸ್ಯರು. 1974ರಲ್ಲಿ ತಮ್ಮದೇ ಬ್ಯಾಂಕು ತೆರೆದರು. ಸಾಲ ಕಟ್ಟದೆ ನಿಂತವರು ಯಾಕೆ ನಿಂತರೆಂದು ನೋಡಿದರೆ ಕಾಯಿಲೆ, ಸಾವು, ಬೆಂಕಿ, ಪ್ರವಾಹ. 1992ರಲ್ಲಿ ಅವರಿಗೆಂದೇ ವಿಮೆ ಆರಂಭಿಸಿದರು. ಅಂಥದೊಂದು ನಮ್ಮ ತಾಲ್ಲೂಕಿನ ಹೊಲಿಗೆಯ ಹೆಂಗಸರಿಗೂ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ನಮ್ಮಲ್ಲಿ ತೆಂಗಿನ ಮರಕ್ಕೂ ತೆಂಗು ಅಭಿವೃದ್ಧಿ ಮಂಡಳಿಯವರು 2009ರ ಹೊತ್ತಿಗೆ ವಿಮೆ ತಂದಿದ್ದರು, ಪ್ರೀಮಿಯಂನ ಕಾಲು ಭಾಗವಷ್ಟೇ ರೈತನದು. ಮರ ಕಾಣುತ್ತದೆ. ಮನೆಯೊಳಗೆ ಕೂತು ಕುಚ್ಚು ಕಟ್ಟುವವಳು ಯಾರ ಕಣ್ಣಿಗೂ ಬೀಳುವುದಿಲ್ಲ.

ತಂಗಿ ನಾಲ್ಕು ವರ್ಷ ಸಾಲ ತೀರಿಸಿದಳು. ಮಧ್ಯೆ ಕೊರೋನಾ ಬಂದು ಮದುವೆಗಳೇ ನಿಂತವು. ಕೆಲವರು ದುಡ್ಡು ಬೇಡವೆಂದರು, ಅದಕ್ಕೆ ಬದಲಾಗಿ ಹೊಲಿಸಿಕೊಂಡರು. ಕೆಲವರು ಹಳೆಯ ಸೀರೆಗೆ ಹೊಸ ಸೀರೆಯ ಬೆಲೆ ಹೇಳಿದರು. ಒಬ್ಬಾಕೆ ಮೈಸೂರು ಸಿಲ್ಕಿನ ರಸೀತಿ ಜೋಪಾನವಾಗಿಟ್ಟಿದ್ದಳು, ಅವಳ ಜೊತೆ ಮಾತೇ ಬೆಳೆಯಲಿಲ್ಲ. ಬೆಲೆಗೆ ದಾಖಲೆಯೊಂದಿದ್ದರೆ ಸ್ನೇಹವೂ ಉಳಿಯುತ್ತದೆ ಎಂಬುದನ್ನು ಅವತ್ತು ಕಂಡೆ. ಸುಟ್ಟ ಇಪ್ಪತ್ತಮೂರಕ್ಕಲ್ಲ, ಇಪ್ಪತ್ತೈದಕ್ಕೂ ತಂಗಿ ಕೊಟ್ಟಳು. ಅದರ ಬಗ್ಗೆ ನಮ್ಮಿಬ್ಬರಿಗೂ ಒಂದು ತಿಂಗಳು ಮಾತಿರಲಿಲ್ಲ.

ಈಗ ಅವಳ ಕೆಲಸದ ಕೋಣೆ ಬೇರೆ, ಆರ್.ಸಿ.ಸಿ. ಹಾಕಿಸಿದ್ದು, ಮೇಲೆ ಅಟ್ಟವಿಲ್ಲ. ಸೀಮೆಎಣ್ಣೆಯ ಶೀಸೆ ಹಿತ್ತಲಿನ ಕಲ್ಲಿನ ಗೂಡಿನಲ್ಲಿ. ಟ್ರೇಸಿಂಗ್ ಆಗುವುದೂ ಹಿತ್ತಲಿನಲ್ಲೇ. ಸಂಜೆ ಹೊರಡುವಾಗ ಮೇನ್ ಸ್ವಿಚ್ಚೇ ಇಳಿಸುತ್ತಾಳೆ. ಕೆಲಸಕ್ಕೆ ಬರುವ ಮೂವರು ಹುಡುಗಿಯರಿಗೆ ವರ್ಷಕ್ಕೆ ಇಪ್ಪತ್ತು ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿದ್ದಾಳೆ. 2015ರಲ್ಲಿ ಹನ್ನೆರಡು ರೂಪಾಯಿಗೆ ಶುರುವಾದದ್ದು, 2022ರಲ್ಲಿ ಇಪ್ಪತ್ತಾಯಿತು. ಅಪಘಾತದಲ್ಲಿ ಜೀವ ಹೋದರೆ ಎರಡು ಲಕ್ಷ. ಸುಟ್ಟ ಕೈಯ ಆಸ್ಪತ್ರೆ ಖರ್ಚು ಅದರಲ್ಲಿ ಬರುವುದಿಲ್ಲ ಎಂಬುದನ್ನೂ ಹುಡುಗಿಯರಿಗೆ ಹೇಳಿಯೇ ಮಾಡಿಸಿದ್ದು. ಕೋಣೆಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್‌ನಿಂದ ಬಂದ ಪಾಲಿಸಿ. ವಿಮೆಯ ಮೊತ್ತ ಬೆಲೆಗಿಂತ ನೂರಕ್ಕೆ ಹದಿನೈದರವರೆಗೆ ಕಡಿಮೆಯಿದ್ದರೂ ಇದರಲ್ಲಿ ಹಿಂದಿನ ಹಾಗೆ ಕತ್ತರಿಸುವುದಿಲ್ಲ. ಈ ಸಲ ಗಿರಾಕಿಗಳ ಸೀರೆಯನ್ನು ಬೇರೆ ಸಾಲಿನಲ್ಲಿ, ಲಗ್ನದ ತಿಂಗಳ ಲೆಕ್ಕದಲ್ಲಿ ಬರೆಸಿದ್ದೇವೆ. ಕಳವಿಗೆ ಬೇರೆ ಪಾಲಿಸಿ. ಕತ್ತರಿ ತಾಗಿ ಸೀರೆ ಹರಿದರೆ, ಕಲೆ ಬಿದ್ದರೆ ಯಾವುದರಲ್ಲೂ ಇಲ್ಲ. ಅದಕ್ಕೆ ತಂಗಿ ಪ್ರತಿ ಸೀರೆಯ ಹಣದಲ್ಲಿ ಹತ್ತು ರೂಪಾಯಿ ಡಬ್ಬಿಗೆ ಹಾಕುತ್ತಾಳೆ. ಪಾಲಿಸಿಯನ್ನು ಏಜೆಂಟರ ಎದುರಿಗೇ ಕೂತು ನಾನು ಗಟ್ಟಿಯಾಗಿ ಓದಿದೆ, ಎರಡು ಸಲ. ಅವರಿಗೆ ಬೇಜಾರಾಯಿತು. ಕಾಫಿ ಕೊಟ್ಟೆವು.

ಮತ್ತೆ ಒಂದು ಪುಸ್ತಕ ಇದೆ, ನೀಲಿ ರಟ್ಟಿನದು. ಅದು ರಾತ್ರಿ ನಮ್ಮ ಮನೆಗೆ ಬರುತ್ತದೆ. ಹೆಸರು, ಬಣ್ಣ, ಕೊಟ್ಟ ದಿನ, ಕೊನೆಯ ಅಂಕಣದಲ್ಲಿ ಸೀರೆಯ ಬೆಲೆ, ಪಕ್ಕದಲ್ಲಿ ಸಹಿ. ಬೆಲೆ ಕೇಳಿದರೆ ಮೊದಮೊದಲು ಗಿರಾಕಿಗಳು ಮುಖ ಗಂಟು ಹಾಕುತ್ತಿದ್ದರು, ಈಗ ರೂಢಿಯಾಗಿದೆ. ಹೋದ ತಿಂಗಳು ನಾನು ಅಲ್ಲಿ ಕೂತಿರುವಾಗಲೇ ದಂಡಿನಶಿವರ ಕಡೆಯ ಅಜ್ಜಿಯೊಬ್ಬರು ಹಸಿರು ಸೀರೆಯೊಂದನ್ನು ಟವಲಿನಲ್ಲಿ ಸುತ್ತಿಕೊಂಡು ತಂದರು. ಮೊಮ್ಮಗಳ ಸೀಮಂತಕ್ಕೆ ಕುಚ್ಚು ಹಾಕಬೇಕಂತೆ.

“ಬೆಲೆ ಎಷ್ಟಜ್ಜಿ?” ಎಂದಳು ತಂಗಿ.

“ನಂಗೇನ್ ಗೊತ್ತವ್ವ. ನಮ್ಮಣ್ಣ ಕೊಡ್ಸಿದ್ದು. ಅವನೂ ಇಲ್ಲ ಈಗ.”

ತಂಗಿ ಸೀರೆಯ ಜರಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಕಡೆ ನೋಡಿ, “ಆರು ಸಾವಿರ ಅಂತ ಬರ್ಕೊಳ್ಳಾ ಅಜ್ಜಿ?” ಎಂದಳು.

“ಏನಾರ ಬರ್ಕೊ ತಾಯಿ, ನಂಗೆ ಸೀರೆ ವಾಪಸ್ ಕೊಡು” ಎಂದು ಅಜ್ಜಿ ಹೆಬ್ಬೆಟ್ಟು ಮುಂದೆ ಮಾಡಿದರು.